ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್: ಶಾರ್ಜಾದ ಭಾವ ಯಾವುದನ್ನು ತರಬೇಕು?

ರಾತ್ರಿ ಹನ್ನೊಂದೂವರೆಗೆ ಭಾವನ ವಾಯ್ಸ್ ಮೆಸೇಜ್ ಬಂತು. ಶಾರ್ಜಾದಲ್ಲಿ ಆಗ ಹತ್ತು ಗಂಟೆ, ಊಟ ಮುಗಿದು ಅವರಿಗೆ ಪುರುಸೊತ್ತಾಗುವ ಹೊತ್ತು. "ಮುಂದಿನ ತಿಂಗಳು ಊರಿಗೆ ಬರ್ತಾ ಇದ್ದೇನೆ ಮಾರಾಯ. ಮಕ್ಕಳದ್ದು ಒಂದೇ ರಾಗ, ಗೇಮ್ ಬೇಕಂತೆ. ಅಂಗಡಿಯವ ಪಿಎಸ್5 ಅಂತಾನೆ, ರೂಮಿನ ಹುಡುಗ ಎಕ್ಸ್‌ಬಾಕ್ಸ್ ಅಂತಾನೆ, ನಿನ್ನ ಅಕ್ಕನಿಗೆ ಆ ಕೈಯಲ್ಲಿ ಹಿಡಿದು ಆಡುವಂಥದ್ದು ಸಾಕಂತೆ. ಜಾಸ್ತಿ ಮಾರಾಟ ಆಗುದು ಯಾವುದು ಹೇಳು, ಅದನ್ನೇ ತರ್ತೇನೆ."

ಮೂರೂ ಕನ್ಸೋಲ್, ಅಂದರೆ ಗೇಮ್ ಆಡುವ ಯಂತ್ರ. ಪಿಎಸ್ ಅಂದರೆ ಸೋನಿಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟಿನದ್ದು, ಅಕ್ಕ ಹೇಳಿದ್ದು ನಿಂಟೆಂಡೊದ ಸ್ವಿಚ್. ಭಾವನ ಆ ಕೊನೆಯ ಮಾತಿನಲ್ಲೇ ಎಡವಟ್ಟಿರುವುದು. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆಯಿಂದ ವರ್ಷಕ್ಕೆ ನಾಲ್ಕೈದು ಮನೆಯವರು ನನ್ನ ಹತ್ತಿರ ಇದೇ ಪ್ರಶ್ನೆ ಕೇಳುತ್ತಾರೆ. ಜಾಸ್ತಿ ಮಾರಾಟವಾದದ್ದು ಒಳ್ಳೆಯದೇ ಇರಬೇಕು, ಅಲ್ವಾ? ಪೂರ್ತಿ ತಪ್ಪಲ್ಲ. ಆದರೆ ಎಲ್ಲಿ ಜಾಸ್ತಿ ಮಾರಾಟವಾದದ್ದು ಅಂತ ಯಾರೂ ಕೇಳುವುದಿಲ್ಲ. ಜಪಾನಿನಲ್ಲಿ ಕೋಟಿಗಟ್ಟಲೆ ಹೋದರೆ ನನ್ನ ಅಳಿಯನಿಗೆ ಏನು ಬಂತು? ಅದೇ ನೀರ್ಚಾಲಿನಲ್ಲಿ ನಾಲ್ಕು ಮನೆಯಲ್ಲಿ ಇದ್ದರೆ ಅವನಿಗೆ ನಾಲ್ಕು ಮನೆಯ ಡಿಸ್ಕ್ ಆಡಲಿಕ್ಕೆ ಸಿಗುತ್ತದೆ, ಕೆಟ್ಟರೆ ಬಿಚ್ಚಿ ಗೊತ್ತಿರುವವರು ಸಿಗುತ್ತಾರೆ, ಬೇಡವಾದಾಗ ಕೊಳ್ಳುವವರು ಸಿಗುತ್ತಾರೆ.

ಮಾರಾಟದ ಲೆಕ್ಕ

ಆದರೂ ಲೆಕ್ಕ ಬೇಕು ಅನ್ನುವವರಿಗೆ ಹೇಳಿಬಿಡುತ್ತೇನೆ. ಇವತ್ತಿನವರೆಗೆ ಅತಿ ಹೆಚ್ಚು ಮಾರಾಟವಾದ ಕನ್ಸೋಲ್ ಸೋನಿಯ ಪಿಎಸ್2. 2000ದಲ್ಲಿ ಬಂದದ್ದು, ಒಟ್ಟು 16 ಕೋಟಿಯ ಹತ್ತಿರ ಹೋಗಿದೆ. ಗೇಮ್ ಒಂದೇ ಅದಕ್ಕೆ ಕಾರಣ ಅಲ್ಲ, ಅದರಲ್ಲಿ ಡಿವಿಡಿ ಓಡುತ್ತಿತ್ತು. ಗಲ್ಫಿನಿಂದ ಬಂದ ಪಿಎಸ್2 ನಮ್ಮ ಕಡೆಯ ಮನೆಗಳಲ್ಲಿ ಹಗಲು ಮಕ್ಕಳದ್ದು, ರಾತ್ರಿ ದೊಡ್ಡವರ ಸಿನಿಮಾದ್ದು. ಮನೆಯಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದೇ ಆ ಡಿವಿಡಿಯಿಂದ.

ನಿಂಟೆಂಡೊ ಸ್ವಿಚ್ 2017ರ ಮಾರ್ಚ್‌ನಲ್ಲಿ ಬಂದು 15 ಕೋಟಿ ದಾಟಿದೆ. ಪಿಎಸ್4 11.7 ಕೋಟಿ. ಪಿಎಸ್5 2025ರ ಸೆಪ್ಟೆಂಬರ್ ಕೊನೆಗೆ 8.4 ಕೋಟಿ. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2 ಅದೇ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಅಂದರೆ ನಾಲ್ಕು ತಿಂಗಳೂ ಆಗುವ ಮೊದಲೇ, 1 ಕೋಟಿ ದಾಟಿತ್ತು. ಎಕ್ಸ್‌ಬಾಕ್ಸ್ ಎಷ್ಟು? ಮೈಕ್ರೋಸಾಫ್ಟ್ 2015ರಿಂದ ಕನ್ಸೋಲ್ ಮಾರಾಟದ ಸಂಖ್ಯೆ ಹೇಳುವುದನ್ನೇ ಬಿಟ್ಟಿದೆ. ಮಾರ್ಕ್ಸ್ ಕಾರ್ಡ್ ತೋರಿಸದ ಹುಡುಗನ ಮಾರ್ಕು ಎಷ್ಟು ಅಂತ ಮನೆಯವರಿಗೆ ಗೊತ್ತೇ ಇರುತ್ತದೆ. 2022ರಲ್ಲಿ ಬ್ರೆಜಿಲಿನ ಸರ್ಕಾರಿ ಸಂಸ್ಥೆಗೆ ಕೊಟ್ಟ ಕಾಗದದಲ್ಲಿ ಅವರೇ ಒಪ್ಪಿಕೊಂಡರು, ಪಿಎಸ್4ರ ಕಾಲದ ತಮ್ಮ ಎಕ್ಸ್‌ಬಾಕ್ಸ್ ಒನ್‌ಗಿಂತ ಪಿಎಸ್4 ಎರಡು ಪಟ್ಟಿಗಿಂತ ಜಾಸ್ತಿ ಹೋಗಿದೆ ಅಂತ.

ಇನ್ನೊಂದು ವಿಷಯ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಹೇಳುವ ಲೆಕ್ಕ ಹೆಚ್ಚಾಗಿ ಅಂಗಡಿಗಳಿಗೆ ಕಳಿಸಿದ ಮಾಲಿನದ್ದು, ಜನರ ಮನೆಗೆ ಹೋದದ್ದರದ್ದಲ್ಲ. ವ್ಯಾಪಾರಿಯ ಗೋಡೌನಿಗೆ ಹೋದ ಅಡಿಕೆಯನ್ನೆಲ್ಲ ಯಾರೋ ಜಗಿದು ಮುಗಿಸಿದರು ಅಂತ ಬರೆದ ಹಾಗೆ.

ಕಂಪನಿ ಹೆಸರು ನೋಡಿ ಕೊಳ್ಳುವವರಿಗೆ ಒಂದು ಕಥೆ. ನಿಂಟೆಂಡೊದ ವೀ 2006ರಲ್ಲಿ ಬಂದು 10 ಕೋಟಿ ಹೋಯಿತು, ಅಜ್ಜ ಅಜ್ಜಿಯರೂ ಕೈ ಬೀಸಿ ಆಡಿದರು. ಅದರ ನಂತರ 2012ಕ್ಕೆ ವೀ ಯು ಬಂತು. ಅದೇ ಕಂಪನಿ, ಹೆಚ್ಚುಕಡಿಮೆ ಅದೇ ಹೆಸರು. ಹೋದದ್ದು 1.36 ಕೋಟಿ. ಕೊಂಡವರಿಗೆ ಸ್ವಲ್ಪ ಕಾಲದಲ್ಲೇ ಹೊಸ ಗೇಮಿಗೆ ಬರ ಬಂತು.

ನಮ್ಮೂರಿನಲ್ಲಿ ಗೆದ್ದದ್ದು ಯಾರು?

ನಿಮ್ಮಲ್ಲಿ ಮೂವತ್ತೈದು ದಾಟಿದವರಿಗೆ ನೆನಪಿರಬೇಕು, ಟಿವಿ ಗೇಮ್. ಹಳದಿ ಕ್ಯಾಸೆಟ್, ಅದರ ಮೇಲೆ 9999 ಇನ್ 1 ಅಂತ ಬರೆದದ್ದು, ಒಳಗೆ ಇರುವುದು ಹತ್ತೋ ಹನ್ನೆರಡೋ ಗೇಮ್, ಉಳಿದದ್ದೆಲ್ಲ ಅದೇ ಗೇಮ್ ಮತ್ತೆ ಮತ್ತೆ. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದಿ ಹಾಕುವುದು. ಮಾರಿಯೊ, ಕಾಂಟ್ರಾ, ಬಾತುಕೋಳಿಗೆ ಗುಂಡು ಹಾರಿಸುವ ಆ ಬಂದೂಕು. ಅದೆಲ್ಲ 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಂ ಎಂಬ ಯಂತ್ರದ ನಕಲು. ಅಸಲಿ ಯಂತ್ರ ಜಗತ್ತಿನಾದ್ಯಂತ 6.19 ಕೋಟಿ ಹೋಗಿದೆ ಎಂದು ನಿಂಟೆಂಡೊ ಲೆಕ್ಕ. ನಮ್ಮ ಮನೆಯದ್ದು, ಪಕ್ಕದ ಮನೆಯದ್ದು, ಶಾಲೆಯ ಹತ್ತಿರದ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ಆಡಲಿಕ್ಕೆ ಇಟ್ಟದ್ದು, ಯಾವುದೂ ಅದರಲ್ಲಿ ಇಲ್ಲ. ನಿಂಟೆಂಡೊ ಎಂಬ ಹೆಸರೇ ಕೇಳದೆ ನಾವು ನಿಂಟೆಂಡೊ ಆಡಿದವರು.

ಅದು ಇಷ್ಟು ಹಬ್ಬಿದ್ದು ಕ್ಯಾಸೆಟ್‌ನಿಂದ. ನಿನ್ನದು ನನಗೆ, ನನ್ನದು ನಿನಗೆ, ಶನಿವಾರ ಕೊಟ್ಟು ಸೋಮವಾರ ವಾಪಸ್. ಈ ಕೊಟ್ಟು ತೆಗೆದುಕೊಳ್ಳುವುದು ಎಷ್ಟು ದೊಡ್ಡ ವಿಷಯ ಅಂತ 2013ರಲ್ಲಿ ಮೈಕ್ರೋಸಾಫ್ಟಿಗೆ ಗೊತ್ತಾಯಿತು. ಆ ವರ್ಷ ಎಕ್ಸ್‌ಬಾಕ್ಸ್ ಒನ್ ಬರುತ್ತದೆ ಎಂದು ಹೇಳುವಾಗ ಅವರು ಎರಡು ಷರತ್ತು ಹಾಕಿದ್ದರು: ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಬೇಕು, ಡಿಸ್ಕನ್ನು ಇನ್ನೊಬ್ಬರಿಗೆ ಕೊಡಲಿಕ್ಕೆ ಕಟ್ಟುಪಾಡು ಉಂಟು. ಸೋನಿ ಏನು ಮಾಡಿತು ಗೊತ್ತಾ? ಪಿಎಸ್4ನಲ್ಲಿ ಗೇಮ್ ಹಂಚಿಕೊಳ್ಳುವುದು ಹೇಗೆ ಎಂದು ಕಲಿಸುವ ಒಂದು ಚಿಕ್ಕ ವಿಡಿಯೊ ಬಿಟ್ಟಿತು. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕಿನ ಡಬ್ಬ ಕೊಡುತ್ತಾನೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ. ಮುಗಿಯಿತು. ಅದರ ಮೇಲೆ ಬೆಲೆ, ಇವರದ್ದು 399 ಡಾಲರ್, ಅವರದ್ದು 499. ಮೈಕ್ರೋಸಾಫ್ಟ್ ಅದೇ ತಿಂಗಳಲ್ಲಿ ಷರತ್ತು ಹಿಂದೆ ತೆಗೆದುಕೊಂಡಿತು, ಆದರೆ ಹೆಸರು ಹೋದದ್ದು ಹೋಯಿತು. ನನ್ನ ಪ್ರಕಾರ ಆ ಸುತ್ತಿನ ಫಲಿತಾಂಶ ಆ ವಿಡಿಯೊದಲ್ಲೇ ಇತ್ತು.

ನಮ್ಮ ಕಡೆ ಕನ್ಸೋಲ್ ಆರಿಸುವಾಗ ನಾನು ಮೊದಲು ನೋಡುವುದೂ ಇದನ್ನೇ. ಡಿಸ್ಕ್ ಹಾಕಲಿಕ್ಕೆ ಜಾಗ ಉಂಟಾ?

ಪಿಎಸ್5

ಭಾರತಕ್ಕೆ ಇದು 2021ರ ಫೆಬ್ರವರಿ 2ಕ್ಕೆ ಬಂತು, ಡಿಸ್ಕಿನದ್ದಕ್ಕೆ 49,990 ರೂ., ಡಿಸ್ಕ್ ಇಲ್ಲದ್ದಕ್ಕೆ 39,990. 2022ರ ನವೆಂಬರ್‌ನಲ್ಲಿ ಎರಡಕ್ಕೂ ಐದೈದು ಸಾವಿರ ಏರಿಸಿದರು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಎಂಬ ಚಿಕ್ಕ ಮಾಡೆಲ್ ಬಂದಾಗ ಅದಕ್ಕೂ ಅದೇ ಏರಿಸಿದ ಬೆಲೆ, 54,990 ಮತ್ತು 44,990. ಎರಡರ ನಡುವೆ ಆಗ ಇದ್ದ ಹತ್ತು ಸಾವಿರ ವ್ಯತ್ಯಾಸ ನೋಡಿದರೆ ಡಿಸ್ಕ್ ಇಲ್ಲದ ಡಿಜಿಟಲ್ ಸಾಕು ಅನ್ನಿಸುತ್ತದೆ. ಅಲ್ಲೇ ಜನ ಸಿಕ್ಕಿಬೀಳುವುದು. ದೊಡ್ಡ ಹೊಸ ಗೇಮ್ ಒಂದಕ್ಕೆ ಐದು ಸಾವಿರದ ಹತ್ತಿರ ಆಗುತ್ತದೆ. ಡಿಸ್ಕ್ ಆದರೆ ಆಡಿ ಮುಗಿಸಿ ಅರ್ಧಕ್ಕೋ ಮುಕ್ಕಾಲಿಗೋ ಮಾರಬಹುದು, ಇಲ್ಲ ಕುಂಬಳೆಯ ಗೆಳೆಯನ ಹತ್ತಿರ ಬದಲಾಯಿಸಬಹುದು. ಡೌನ್‌ಲೋಡ್ ಮಾಡಿದ್ದು ನಿಮ್ಮ ಅಕೌಂಟಿಗೇ ಅಂಟಿಕೊಂಡು ಕೂರುತ್ತದೆ. ನಾಲ್ಕು ಗೇಮಿನಲ್ಲಿ ಆ ಹತ್ತು ಸಾವಿರ ಹೋಗಿರುತ್ತದೆ.

ಸ್ಲಿಮ್‌ಗೆ ಡಿಸ್ಕ್ ಡ್ರೈವನ್ನು ಆಮೇಲೂ ತೆಗೆದು ಹಾಕಬಹುದು, ಬೇರೆಯೇ ಸಿಗುತ್ತದೆ, ಮೊದಲ ಸಲ ಜೋಡಿಸುವಾಗ ಮಾತ್ರ ಇಂಟರ್ನೆಟ್ ಬೇಕು. ಸೆಕೆಂಡ್ ಹ್ಯಾಂಡ್ ಸ್ಲಿಮ್ ಕೊಳ್ಳುವವರು ಡ್ರೈವಿಗೆ ಒಂದು ಡಿಸ್ಕ್ ಹಾಕಿ ಓಡಿಸಿ ನೋಡದೆ ದುಡ್ಡು ಕೊಡಬೇಡಿ.

ನಮ್ಮ ಜಿಲ್ಲೆಯಲ್ಲಿ ಪಿಎಸ್ ಜಾಸ್ತಿ ಇರುವುದಕ್ಕೆ ಇನ್ನೊಂದು ಕಾರಣ ಫುಟ್ಬಾಲ್. ಏಳೇಳು ಜನ ಆಡುವ ಸೆವೆನ್ಸ್ ನೋಡಲಿಕ್ಕೆ ರಾತ್ರಿಯಿಡೀ ಗ್ಯಾಲರಿಯಲ್ಲಿ ಕೂರುವ ಊರು ಇದು. ಹುಡುಗರು ಕೊಳ್ಳುವುದೇ ಫಿಫಾ ಎಂಬ ಫುಟ್ಬಾಲ್ ಗೇಮ್ ಆಡಲಿಕ್ಕೆ. 2023ರಿಂದ ಅದರ ಹೆಸರು ಇಎ ಸ್ಪೋರ್ಟ್ಸ್ ಎಫ್‌ಸಿ ಅಂತ ಆಗಿದೆ, ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಇಬ್ಬರು ಎದುರುಬದುರು ಆಡಬೇಕಾದರೆ ಎರಡನೆಯ ಕಂಟ್ರೋಲರ್ ಬೇಕು, ಅದಕ್ಕೆ ಇನ್ನೂ ಆರು ಸಾವಿರದ ಹತ್ತಿರ ಇಟ್ಟುಕೊಳ್ಳಿ. ಬಜೆಟ್ ಹೇಳುವಾಗ ಇದನ್ನು ಎಲ್ಲರೂ ಮರೆಯುತ್ತಾರೆ.

ಬರೀ ಫುಟ್ಬಾಲ್ ಸಾಕು ಅನ್ನುವ ಮನೆಗೆ ನಾನು ಪಿಎಸ್5 ಹೇಳುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಪಿಎಸ್4 ತೆಗೆದುಕೊಳ್ಳಿ. ಎಫ್‌ಸಿ 26ರವರೆಗೂ ಆ ಗೇಮ್ ಪಿಎಸ್4ಗೆ ಬಂದಿದೆ. ಹಳೆಯ ಡಿಸ್ಕುಗಳಂತೂ ಊರಿಡೀ ತಿರುಗಾಡುತ್ತಿವೆ. ಮುಂದೆ ಪಿಎಸ್5 ಕೊಂಡರೆ ಹೆಚ್ಚುಕಡಿಮೆ ಎಲ್ಲ ಪಿಎಸ್4 ಡಿಸ್ಕುಗಳೂ ಅದರಲ್ಲಿ ಓಡುತ್ತವೆ, ಡಿಸ್ಕ್ ಡ್ರೈವ್ ಇದ್ದರೆ.

ಚಿತ್ರ ಇನ್ನೂ ಚೆನ್ನಾಗಿ ಬರುವ ದುಬಾರಿ ಮಾಡೆಲ್ ಪಿಎಸ್5 ಪ್ರೊ ತರಲಾ ಅಂತಲೂ ಗಲ್ಫಿನವರು ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಅದು ಬೇರೆ ದೇಶಗಳಿಗೆ ಬಂದಾಗ ಭಾರತಕ್ಕೆ ಬರಲಿಲ್ಲ, ವೈಫೈಯ 6 ಗಿಗಾಹರ್ಟ್ಸ್ ಬ್ಯಾಂಡಿಗೆ ಇಲ್ಲಿ ಅನುಮತಿ ಇರಲಿಲ್ಲ. ಡಬ್ಬದಲ್ಲಿ ಡಿಸ್ಕ್ ಡ್ರೈವ್ ಕೂಡ ಇಲ್ಲ. ಮನೆಯ ಟಿವಿ 32 ಇಂಚಿನದ್ದಾದರೆ ಅಷ್ಟು ದುಡ್ಡು ಸುರಿದು ನೋಡುವುದು ಏನನ್ನು?

ಎಕ್ಸ್‌ಬಾಕ್ಸ್

ಭಾರತಕ್ಕೆ 2020ರ ನವೆಂಬರ್ 10ಕ್ಕೇ ಬಂತು, ಪಿಎಸ್5ಗಿಂತ ಮೊದಲೇ. ಅದರ ಚಿಕ್ಕ ಮಾಡೆಲ್ ಸೀರೀಸ್ ಎಸ್ 34,990 ರೂ.ಗೆ ಸಿಕ್ಕಾಗ ನಾನೇ ಇಬ್ಬರಿಗೆ ಹೇಳಿ ತೆಗೆಸಿದ್ದೆ. ಚಿಕ್ಕದು, ಸದ್ದಿಲ್ಲ, ಕರೆಂಟೂ ಕಡಿಮೆ. ಗೇಮ್ ಪಾಸ್ ಅಂತ ತಿಂಗಳ ಚಂದಾ ಕಟ್ಟಿದರೆ ನೂರಾರು ಗೇಮ್. ಆಗ ಅದಕ್ಕಿಂತ ಒಳ್ಳೆಯ ವ್ಯಾಪಾರ ಇರಲಿಲ್ಲ.

ಈಗ ಹಾಗೆ ಹೇಳಲಾರೆ. 2025ರ ಅಕ್ಟೋಬರ್‌ನಲ್ಲಿ ಗೇಮ್ ಪಾಸಿನ ದೊಡ್ಡ ಚಂದಾ ಅಲ್ಟಿಮೇಟ್ 829ರಿಂದ 1,389 ರೂ.ಗೆ ಏರಿತು, ತಿಂಗಳಿಗೆ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕಲಿಕ್ಕೆ ಜಾಗವೇ ಇಲ್ಲ. ಮೊದಲ ಮಾಡೆಲಿನಲ್ಲಿ ಜಾಗ 512 ಜಿಬಿ, ಅದರಲ್ಲೂ ನಮ್ಮ ಕೈಗೆ ಸಿಗುವುದು ಇನ್ನೂ ಕಡಿಮೆ. 100 ಜಿಬಿಯ ಒಂದು ಗೇಮ್ ಇಳಿಸಲಿಕ್ಕೆ 40 ಎಂಬಿಪಿಎಸ್ ಲೈನಿನಲ್ಲಿ ಐದೂವರೆ ಗಂಟೆ ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗಿ ಮೂರು ದಿನ ನೆಟ್ ಇಲ್ಲದ ಕಡೆ ಡೌನ್‌ಲೋಡ್ ನಂಬಿಕೊಂಡ ಡಬ್ಬ ಹೇಗೆ?

ಮಾರಾಟದ ಸೋಲು ನಿಜವಾಗಿ ನಮ್ಮನ್ನು ಮುಟ್ಟುವುದು ಇನ್ನೊಂದು ಕಡೆ. ಒಂದು ಕಾಲದಲ್ಲಿ ಎಕ್ಸ್‌ಬಾಕ್ಸ್ ಕೊಳ್ಳಲಿಕ್ಕೆ ಕಾರಣ ಅದರಲ್ಲಿ ಮಾತ್ರ ಸಿಗುವ ಗೇಮ್. ಈಗ ಸೀ ಆಫ್ ಥೀವ್ಸ್ 2024ರಲ್ಲಿ ಪಿಎಸ್5ಗೆ ಬಂತು. ಫೋರ್ಜಾ ಹೊರೈಜನ್ 5 2025ರ ಏಪ್ರಿಲ್‌ನಲ್ಲಿ ಬಂತು, ಗೇರ್ಸ್ ಆಫ್ ವಾರ್ ಅದೇ ವರ್ಷದ ಆಗಸ್ಟ್‌ನಲ್ಲಿ. ಹೇಲೊ ಕೂಡ ಪಿಎಸ್5ಗೆ ಬರುತ್ತದೆ ಎಂದು 2025ರಲ್ಲಿ ಅವರೇ ಹೇಳಿದರು. ಹೆಚ್ಚಾಗಿ ಆಚೆಯಿಂದ ಈಚೆಗೇ ದಾರಿ, ಸೋನಿಯ ದೊಡ್ಡ ಗೇಮುಗಳು ಎಕ್ಸ್‌ಬಾಕ್ಸಿಗೆ ಹಾಗೆ ಸಾಲಾಗಿ ಹೋಗಿಲ್ಲ. ಮೈಕ್ರೋಸಾಫ್ಟಿಗೆ ಡಬ್ಬ ಮಾರಿ ಲಾಭ ಇಲ್ಲವೇ ಇಲ್ಲ. 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಅವರ ಕಡೆಯವರೇ ಹಾಗೆ ಸಾಕ್ಷಿ ಹೇಳಿದ್ದಾರೆ. ಲಾಭ ಗೇಮಿನಲ್ಲಿ, ಚಂದಾದಲ್ಲಿ. ಹಾಗಿರುವಾಗ ಜಾಸ್ತಿ ಡಬ್ಬ ಇರುವ ಕಡೆ ಗೇಮ್ ಮಾರುವುದೇ ಅವರಿಗೆ ಲೆಕ್ಕ.

ಹಾಗಂತ ಈಗಾಗಲೇ ಎಕ್ಸ್‌ಬಾಕ್ಸ್ ಇರುವವರು ತಲೆಬಿಸಿ ಮಾಡಿಕೊಳ್ಳಬೇಡಿ. ಹಳೆಯ ಎಕ್ಸ್‌ಬಾಕ್ಸ್ 360ರ ಗೇಮುಗಳನ್ನು ಇಷ್ಟು ಚೆನ್ನಾಗಿ ಓಡಿಸುವ ಯಂತ್ರ ಬೇರೆ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ಮಾತ್ರ ನನ್ನದು ಬೇಡ ಎಂಬ ಉತ್ತರ.

ಸ್ವಿಚ್

ಇದರಲ್ಲಿ ನನಗೆ ಎರಡು ಮನಸ್ಸು. 15 ಕೋಟಿ ಮಾರಾಟವಾದ ಈ ಯಂತ್ರವನ್ನು ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಬಿಟ್ಟೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಕಾಣುವುದೆಲ್ಲ ಹೊರಗಿನಿಂದ ಬಂದ ಮಾಲು, ವಾರಂಟಿ ಅಂದರೆ ಅಂಗಡಿಯವನ ಬಾಯಿಮಾತು. ನೆಟ್‌ನಲ್ಲಿ ಗೇಮ್ ಕೊಳ್ಳಲಿಕ್ಕೆ ಬೇರೆ ದೇಶದ ಅಕೌಂಟ್ ಮಾಡಿಕೊಳ್ಳಬೇಕು. ನಿಂಟೆಂಡೊದ ಸ್ವಂತ ಗೇಮುಗಳ ಬೆಲೆ ವರ್ಷ ಕಳೆದರೂ ಇಳಿಯುವುದು ಕಡಿಮೆ. ಜಾಯ್‌ಕಾನ್ ಎಂಬ ಅದರ ಕಂಟ್ರೋಲರಿನ ಕಡ್ಡಿ ತಾನೇ ತಾನಾಗಿ ಸರಿಯುವ ರೋಗ ಬೇರೆ.

ಆದರೂ ಚಿಕ್ಕ ಮಕ್ಕಳಿರುವ ಮನೆಗೆ ಅಷ್ಟು ಖುಷಿ ಕೊಡುವ ವಸ್ತು ಇನ್ನೊಂದಿಲ್ಲ. ಕರೆಂಟು ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ. ಅಜ್ಜನ ಮನೆಗೆ, ಬಸ್ಸಿಗೆ, ಪೂಜೆಯ ಮನೆಗೆ ಒಯ್ಯಬಹುದು. ಡಬ್ಬದಲ್ಲೇ ಇಬ್ಬರಿಗೆ ಆಗುವ ಎರಡು ಕಂಟ್ರೋಲರ್ ಇರುತ್ತವೆ, ಸ್ವಿಚ್ ಲೈಟ್ ಒಂದನ್ನು ಬಿಟ್ಟು. ನಿಂಟೆಂಡೊದ ಕಾರ್ ರೇಸ್, ಮಾರಿಯೊ ಕಾರ್ಟ್ 8 ಡಿಲಕ್ಸ್, ಆರೂವರೆ ಕೋಟಿಗಿಂತ ಜಾಸ್ತಿ ಹೋಗಿರುವುದು ಸುಮ್ನೆ ಅಲ್ಲ. ಆರು ವರ್ಷದ ಮಗುವೂ ಅದರಲ್ಲಿ ಗೆಲ್ಲಬಹುದು.

ಸ್ವಿಚ್ 2 ತರುವವರು ಒಂದು ವಿಷಯ ನೋಡಿ: ಅದರ ಕೆಲವು ಕಾರ್ಡುಗಳ ಒಳಗೆ ಗೇಮ್ ಇರುವುದಿಲ್ಲ, ಕಾರ್ಡ್ ಬರೀ ಬೀಗದ ಕೈ, ಗೇಮನ್ನು ನೆಟ್‌ನಿಂದಲೇ ಇಳಿಸಬೇಕು. ಡಬ್ಬದ ಮೇಲೆ ಬರೆದಿರುತ್ತದೆ.

ಗಲ್ಫಿನಿಂದ ತರುವಾಗ

ಪಿಎಸ್5 ಡಿಸ್ಕಿಗೆ ದೇಶದ ಬೀಗ ಇಲ್ಲ, ದುಬೈಯಲ್ಲಿ ಕೊಂಡದ್ದು ಇಲ್ಲಿ ಓಡುತ್ತದೆ. ಆದರೆ ಅಕೌಂಟಿಗೆ ದೇಶ ಉಂಟು, ಒಮ್ಮೆ ಹಾಕಿದ ದೇಶವನ್ನು ಆಮೇಲೆ ಬದಲಿಸಲಿಕ್ಕೆ ಆಗುವುದಿಲ್ಲ. ಗಲ್ಫ್ ಡಿಸ್ಕಿನ ಜೊತೆ ಬರುವ ಕೋಡ್‌ಗಳು ಇಂಡಿಯಾ ಅಕೌಂಟಿನಲ್ಲಿ ಕೆಲಸ ಮಾಡದೆ ಹೋಗಬಹುದು. ಅಲ್ಲೇ ಡಬ್ಬ ಬಿಚ್ಚಿ ಅವಸರದಲ್ಲಿ ಯುಎಇ ಅಕೌಂಟ್ ಮಾಡಿಕೊಂಡು ಬರುವವರು ಸಿಕ್ಕಿಬೀಳುತ್ತಾರೆ, ಇಲ್ಲಿಯ ಕಾರ್ಡಿನಲ್ಲಿ ದುಡ್ಡು ಕಟ್ಟುವಾಗ ತಾಪತ್ರಯ.

ಪಿನ್ನು ಬೇರೆ. ಅಲ್ಲಿಯದ್ದು ದಪ್ಪ, ಚಪ್ಪಟೆ ಮೂರು ಕಾಲಿನದ್ದು. ಕರೆಂಟು ಎರಡೂ ಕಡೆ ಒಂದೇ ಥರ, ಹಾಗಾಗಿ ಪಿಎಸ್5ಗೆ ಹಳೆ ಟೇಪ್‌ರೆಕಾರ್ಡರಿಗೆ ಬರುತ್ತಿದ್ದ ಆ ಎಂಟರ ಆಕಾರದ ತೂತಿನ ವಯರು ಹಾಕಿದರೆ ಮುಗಿಯಿತು. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದ್ದೇ. ಇಲ್ಲಿ ಕೆಟ್ಟರೆ ಕೈಯಿಂದಲೇ.

ಕೆಡುವುದು ಹೇಗೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ತುಲಾ ತಿಂಗಳ ಒಂದು ಸಂಜೆ, ನಾಲ್ಕೂವರೆ ಇರಬೇಕು, ಅಂಗಳದಲ್ಲಿ ಹರವಿದ್ದ ಅಡಿಕೆಗೆ ಟರ್ಪಾಲು ಎಳೆಯಲಿಕ್ಕೆ ಎಲ್ಲರೂ ಓಡಿದೆವು. ಟಿವಿಯ ಪ್ಲಗ್ಗು ತೆಗೆದಿದ್ದೆ, ಗೇಮಿನದ್ದೂ ತೆಗೆದಿದ್ದೆ. ರೂಟರಿನಿಂದ ಗೇಮಿಗೆ ಹೋಗುವ ಕೇಬಲ್ ಮಾತ್ರ ಹಾಗೇ ಇತ್ತು. ಒಂದು ಸಿಡಿಲು. ರೂಟರ್ ಕಪ್ಪಗಾಯಿತು. ಗೇಮ್ ಮರುದಿನ ಆನ್ ಆಯಿತು, ಲೈಟು ಉರಿಯಿತು, ಟಿವಿಯಲ್ಲಿ ಚಿತ್ರ ಇಲ್ಲ. ಪೇಟೆಯ ಮೊಬೈಲ್ ರಿಪೇರಿ ಹುಡುಗ ಮುಚ್ಚಳ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದ, ಎಚ್‌ಡಿಎಂಐ ಹತ್ತಿರ ಸಾಸಿವೆಗಿಂತ ಚಿಕ್ಕ ಒಂದು ಭಾಗ ಸುಟ್ಟು ಉಬ್ಬಿತ್ತು. ಫ್ಯಾನಿನ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. "ಇದು ಸಿಡಿಲಿಗೆ ಸಂಬಂಧ ಇಲ್ಲ ಸಾರ್" ಅಂತ ನಕ್ಕ. ಮೂರು ಸಾವಿರ ಆಯಿತು. ಅವನ ಹತ್ತಿರ ಆ ಭಾಗ ಇದ್ದದ್ದು ಯಾಕೆ? ಅದೇ ಮಾಡೆಲ್ ತಿಂಗಳಿಗೆ ಎರಡಾದರೂ ಬರುತ್ತದಂತೆ. ಊರಿನಲ್ಲಿ ಅದು ಒಂದೇ ಒಂದು ಇದ್ದಿದ್ದರೆ ಮಂಗಳೂರಿಗೆ ಹೋಗಬೇಕಿತ್ತು, ಅಲ್ಲೂ ಸಿಗುವ ಖಾತ್ರಿ ಇಲ್ಲ.

ಕಾಯುವುದಾ?

ಹಿಂದೆ ಕಾದರೆ ಲಾಭ ಇತ್ತು. ಅಮೆರಿಕದಲ್ಲಿ ಪಿಎಸ್2 ಬಂದಾಗ 299 ಡಾಲರ್, 2009ಕ್ಕೆ 99. ಮೊದಲ ಬ್ಯಾಚಿನ ತೊಂದರೆಗಳೂ ಅಷ್ಟರಲ್ಲಿ ಗೊತ್ತಾಗುತ್ತಿದ್ದವು. ಎಕ್ಸ್‌ಬಾಕ್ಸ್ 360ಕ್ಕೆ ಕೆಂಪು ಉಂಗುರ ಬಂದು ಸಾಯುವ ರೋಗಕ್ಕೆ 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿ ಮೂರು ವರ್ಷ ಮಾಡಿ ನೂರು ಕೋಟಿ ಡಾಲರಿಗಿಂತ ಜಾಸ್ತಿ ತೆಗೆದಿಡಬೇಕಾಯಿತು. ಈ ಸಲ ಎಲ್ಲ ಉಲ್ಟಾ. ಪಿಎಸ್5 ಹತ್ತಿರ ಹತ್ತಿರ ಐದು ವರ್ಷ ಹಳೆಯದಾದ ಮೇಲೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಇನ್ನೂ 50 ಡಾಲರ್ ಏರಿತು. ಎಕ್ಸ್‌ಬಾಕ್ಸಿನ ದೊಡ್ಡ ಮಾಡೆಲ್ ಸೀರೀಸ್ ಎಕ್ಸ್ 499ಕ್ಕೆ ಬಂದದ್ದು ಅದೇ ವರ್ಷ ಎರಡು ಸಲ ಏರಿ 649 ಆಯಿತು. ಹಾಗಾಗಿ ಬೇಕು ಅಂತ ಗಟ್ಟಿ ಇದ್ದರೆ ಓಣಂ ಆಫರಿನಲ್ಲೋ ದೀಪಾವಳಿ ಆಫರಿನಲ್ಲೋ ತೆಗೆದುಬಿಡಿ. ಇಲ್ಲಿಯ ಬೆಲೆ, ಇಲ್ಲಿಯ ವಾರಂಟಿ. ಕಸ್ಟಮ್ಸಿನವರ ಮುಖ ನೋಡುವ ತಾಪತ್ರಯವೂ ಇಲ್ಲ. ಗಲ್ಫಿನದ್ದಕ್ಕೂ ಇಲ್ಲಿಯದ್ದಕ್ಕೂ ಎರಡು ಮೂರು ಸಾವಿರದ ವ್ಯತ್ಯಾಸ ಆದರೆ ನಾನು ಇಲ್ಲಿಯದ್ದೇ ಅನ್ನುತ್ತೇನೆ.

ಇಷ್ಟನ್ನೂ ಭಾವನಿಗೆ ಹೇಳಿದರೆ ಅವರು ಫೋನ್ ಇಡುತ್ತಾರೆ. ಹಾಗಾಗಿ ಚಿಕ್ಕದಾಗಿ ಮೆಸೇಜ್ ಹಾಕಿದೆ: "ಪಿಎಸ್5 ಸ್ಲಿಮ್, ಡಿಸ್ಕಿನದ್ದು. ಡಬ್ಬದ ಮೇಲಿನ ಚಿತ್ರದಲ್ಲಿ ಒಂದು ಬದಿ ಉಬ್ಬಿರಬೇಕು, ಎದುರಿಗೆ ಡಿಸ್ಕ್ ಹೋಗುವ ಸೀಳು ಕಾಣಬೇಕು. ಇಲ್ಲಿಯ ರೇಟಿಗಿಂತ ಐದು ಸಾವಿರವಾದರೂ ಕಡಿಮೆ ಆದರೆ ಮಾತ್ರ ತನ್ನಿ ಭಾವ. ಬಿಚ್ಚಬೇಡಿ, ಅಕೌಂಟ್ ಇಲ್ಲಿ ಬಂದು ಮಾಡುವ."

ಐದು ನಿಮಿಷ ಬಿಟ್ಟು ಉತ್ತರ ಬಂತು. "ಆಯ್ತು. ತೂಕ ಎಷ್ಟು?"

ಮೂರು ಕೆಜಿ ಇನ್ನೂರು ಗ್ರಾಂ ಎಂದೆ. ಡಬ್ಬ ಬೇರೆ.

"ಹಾಗಾದರೆ ಅತ್ತೆಯ ಹತ್ತಿರ ಹೇಳು, ಈ ಸಲ ಟ್ಯಾಂಗ್ ಪುಡಿ ಇಲ್ಲ."